ವೇಗ ಏರಿಸಿದ ಸಿಸ್ಟಂ ಜತೆ ಪರೀಕ್ಷೆಯ ಚೀಟಿಯನ್ನೂ ಕೊಡಿ

ಸಂಪಾದಕರಿಗೆ,

ಮಾನ್ಯರೆ,

ತುಮಕೂರಿನ ಫೋಟೊ ಸ್ಟುಡಿಯೊಗಳಿಗೆ, ಆಲ್ಬಂ ಡಿಸೈನ್ ಮಾಡುವವರಿಗೆ, ಎಂಜಿನಿಯರಿಂಗ್ ಓದುವ ಮಕ್ಕಳಿಗೆ ಅಸೆಂಬಲ್ ಮಾಡಿಕೊಡುವ ಸಿಸ್ಟಂಗಳಲ್ಲಿ ವೇಗ ಏರಿಸಿ, ಅಂದರೆ ಓವರ್‌ಕ್ಲಾಕ್ ಮಾಡಿ ಕೊಡುವುದು ಈಗ ಮಾಮೂಲಾಗಿದೆ. ಬಿಡಿಭಾಗ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಬರುತ್ತದೆ, ಇಲ್ಲಿ ಜೋಡಿಸುತ್ತಾರೆ, ವೇಗ ಅಳೆಯುವ ಸಿನೆಬೆಂಚ್ ತಂತ್ರಾಂಶ ಒಂದು ಸಲ ಓಡಿಸಿ ಬಂದ ಅಂಕ ತೋರಿಸುತ್ತಾರೆ, ಗಿರಾಕಿ ದುಡ್ಡು ಕೊಟ್ಟು ಒಯ್ಯುತ್ತಾರೆ. ಹತ್ತು ನಿಮಿಷ ಓಡಿದ್ದಕ್ಕೆ ಪರೀಕ್ಷೆ ಎಂದು ಹೆಸರಿಡುವುದು ತಪ್ಪು. ವೇಗ ಏರಿಸಿದ ಸಿಸ್ಟಂ ನೆಚ್ಚಿಕೊಳ್ಳುವಂಥದ್ದೋ ಅಲ್ಲವೋ ಎಂದು ತಿಳಿಯಲು ಎರಡು ರಾತ್ರಿ ಮತ್ತು ಒಂದು ಬಿಸಿಲಿನ ಮಧ್ಯಾಹ್ನ ಬೇಕು. ಅಷ್ಟು ಕೆಲಸ ಮಾಡಿ, ಏನೇನು ಓಡಿಸಿದೆವು, ಏನು ಬಂತು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಸಿಸ್ಟಂ ಜತೆ ಕೊಡಬೇಕು. ಜೋಡಿಸುವ ಎಲ್ಲರನ್ನೂ ಈ ಪತ್ರದ ಮೂಲಕ ಕೇಳಿಕೊಳ್ಳುತ್ತಿರುವುದು ಇಷ್ಟನ್ನೇ.

‘ನಾವು ಓವರ್‌ಕ್ಲಾಕ್ ಮಾಡಿಯೇ ಇಲ್ಲ’ ಎನ್ನುವವರು ಮೊದಲು ಬಯೋಸ್, ಅಂದರೆ ಮದರ್‌ಬೋರ್ಡ್‌ನ ಸೆಟ್ಟಿಂಗ್ ಇರುವ ಮೂಲ ತಂತ್ರಾಂಶ, ತೆರೆದು ನೋಡಲಿ. ರ‍್ಯಾಮ್ ಮೇಲೆ ವೇಗ 3600 ಎಂದು ಅಚ್ಚಾಗಿದ್ದರೂ ಡಿಡಿಆರ್4 ಪೀಳಿಗೆಯ ಕಡ್ಡಿ ತಾನಾಗಿ ಓಡುವುದು 2133, 2400 ಅಥವಾ 2666ರಲ್ಲಿ, 1.2 ವೋಲ್ಟ್‌ನಲ್ಲಿ. ಎಕ್ಸ್‌ಎಂಪಿ ಎಂಬ, ಕಡ್ಡಿಯಲ್ಲೇ ಬರೆದಿಟ್ಟ ಹೆಚ್ಚಿನ ವೇಗದ ಸೆಟ್ಟಿಂಗ್ ಆನ್ ಮಾಡಿದಾಗಲೇ ಅದು 1.35 ವೋಲ್ಟ್‌ಗೆ ಹೋಗಿ 3600 ಮುಟ್ಟುತ್ತದೆ. ಇದೂ ಓವರ್‌ಕ್ಲಾಕೇ. ಕಡ್ಡಿಗೆ 3600 ತಾಳುವ ಶಕ್ತಿ ಇದ್ದರೂ ಅದನ್ನು ನಡೆಸುವ ಮೆಮೊರಿ ಕಂಟ್ರೋಲರ್ ಇರುವುದು ಪ್ರೊಸೆಸರ್ ಒಳಗೆ. ರೈಜನ್ 5000 ಸರಣಿಗೆ ಎಎಂಡಿ ಅಧಿಕೃತವಾಗಿ ಹೇಳಿರುವುದು 3200. ಎರಡು ಕಡ್ಡಿಯಲ್ಲಿ ಚೆನ್ನಾಗಿ ಓಡುವ 3600 ನಾಲ್ಕು ಕಡ್ಡಿ ಹಾಕಿದರೆ ಓಡದೇ ಇರಬಹುದು. ಇವತ್ತು ಎರಡು, ಆರು ತಿಂಗಳು ಬಿಟ್ಟು ಇನ್ನೆರಡು ಎಂದು ಬೇರೆ ಬೇರೆ ಪ್ಯಾಕೆಟ್‌ನಿಂದ ತಂದು ಸೇರಿಸಿದ ಸಿಸ್ಟಂಗಳಲ್ಲಿ ಈ ತಕರಾರು ಹೆಚ್ಚು.

ವಿಂಡೋಸ್ ಓಪನ್ ಆಯಿತು, ಹ್ಯಾಂಗ್ ಆಗಲಿಲ್ಲ, ಆದ್ದರಿಂದ ಸರಿ ಇದೆ ಎಂಬ ನಂಬಿಕೆಯೇ ಎಲ್ಲಕ್ಕಿಂತ ದೊಡ್ಡ ಅಪಾಯ. ಹ್ಯಾಂಗ್ ಆಗುವ ಸಿಸ್ಟಂ ತನ್ನ ರೋಗವನ್ನು ತಾನೇ ಹೇಳಿಕೊಳ್ಳುತ್ತದೆ. ಹೇಳದೆ ತಪ್ಪು ಲೆಕ್ಕ ಮಾಡುವ ಸಿಸ್ಟಂ ಇದೆಯಲ್ಲ, ಅದರಿಂದಲೇ ನಷ್ಟ. 5000 ಎಂಬ ಅಂಕಿ ರ‍್ಯಾಮ್‌ನಲ್ಲಿ ಕೂರುವುದು 4096, 512, 256, 128, 8 ಈ ಐದರ ಮೊತ್ತವಾಗಿ. ಅದರಲ್ಲಿ 4096ರ ಮನೆಯಲ್ಲಿರುವ ಒಂದೇ ಒಂದು ಬಿಟ್ ಒಂದರಿಂದ ಸೊನ್ನೆಯಾದರೆ ಉಳಿಯುವುದು 904. ಎಲ್ಲಿಯೂ ಎಚ್ಚರಿಕೆ ಬರುವುದಿಲ್ಲ, ಪರದೆ ನೀಲಿಯಾಗುವುದಿಲ್ಲ. ಸರ್ವರ್‌ಗಳಲ್ಲಿ ಇದನ್ನು ಹಿಡಿಯಲು ತಪ್ಪು ತಾನೇ ತಿದ್ದುವ ಇಸಿಸಿ ರ‍್ಯಾಮ್ ಇರುತ್ತದೆ, ನಮ್ಮ ಮಾಮೂಲಿ ಡೆಸ್ಕ್‌ಟಾಪ್‌ಗಳಲ್ಲಿ ಇರುವುದಿಲ್ಲ. ಡಿಡಿಆರ್5 ಚಿಪ್ಪಿನ ಒಳಗೆ ತಿದ್ದುವ ಏರ್ಪಾಡು ಇದೆ ನಿಜ, ಆದರೆ ಅದು ಚಿಪ್ಪಿನಿಂದ ಪ್ರೊಸೆಸರ್‌ವರೆಗಿನ ದಾರಿಯಲ್ಲಿ ಆಗುವ ತಪ್ಪನ್ನು ಕಾಯುವುದಿಲ್ಲ. ಮದುವೆಯ ವಿಡಿಯೊ ಕ್ಯಾಮೆರಾದ ಕಾರ್ಡ್‌ನಿಂದ ಹಾರ್ಡ್‌ಡಿಸ್ಕ್‌ಗೆ ಕಾಪಿ ಆಗುವಾಗ ಹೀಗೆ ಕೆಟ್ಟರೆ, ಮುಹೂರ್ತದ ದೃಶ್ಯದಲ್ಲಿ ಹಸಿರು ಚೌಕಗಳು ಕಾಣುವುದು ತಿಂಗಳಾದ ಮೇಲೆ. ಅಷ್ಟರಲ್ಲಿ ಕಾರ್ಡ್ ಫಾರ್ಮ್ಯಾಟ್ ಆಗಿರುತ್ತದೆ, ಬ್ಯಾಕಪ್‌ನಲ್ಲಿಯೂ ಅದೇ ಕೆಟ್ಟ ಪ್ರತಿ ಕೂತಿರುತ್ತದೆ.

ಹಾಗಾಗಿ ಪರೀಕ್ಷೆಯ ಮೊದಲ ನಿಯಮ: ಗಿರಾಕಿಯ ಡೇಟಾ ಇರುವ ಡಿಸ್ಕ್‌ನ ಕೇಬಲ್ ಬಿಚ್ಚಿಡಬೇಕು. ಹಳೆಯ 120 ಜಿಬಿ ಎಸ್‌ಎಸ್‌ಡಿಯೊಂದಕ್ಕೆ ಬರೀ ವಿಂಡೋಸ್ ಹಾಕಿ ಅದರಲ್ಲೇ ಎಲ್ಲವನ್ನೂ ಓಡಿಸಬೇಕು. ಆಮೇಲೆ ಬಯೋಸ್‌ನಲ್ಲಿ ಎಲ್ಲವನ್ನೂ ಡಿಫಾಲ್ಟ್‌ಗೆ ತಂದು, ವೇಗ ಏರಿಸದೆಯೇ ಒಂದೆರಡು ಗಂಟೆ ಪರೀಕ್ಷೆ ಓಡಿಸಿ, ಕೋಣೆಯ ಶಾಖ ಎಷ್ಟು, ಪ್ರೊಸೆಸರ್ ಶಾಖ ಎಷ್ಟು ಎಂದು ಬರೆದುಕೊಳ್ಳಬೇಕು. ಡಿಫಾಲ್ಟ್‌ನಲ್ಲೇ ಕೆಡುವ ಸಿಸ್ಟಂಗೆ ವೇಗ ಏರಿಸಿ ಆಮೇಲೆ ವೋಲ್ಟೇಜ್ ಹುಡುಕುತ್ತಾ ಕೂತರೆ ವಾರ ಕಳೆದರೂ ಮೂಲ ಸಿಗುವುದಿಲ್ಲ.

ಬಯೋಸ್‌ನ ಹೊಸ ಆವೃತ್ತಿ ಹಾಕುವುದು ಇದಕ್ಕೂ ಮುಂಚಿನ ಕೆಲಸ. 2023ರಲ್ಲಿ ರೈಜನ್ 7000 ಸರಣಿಯ ಕೆಲವು ಪ್ರೊಸೆಸರ್‌ಗಳು ಸುಟ್ಟಾಗ, ಎಕ್ಸ್‌ಪೋ (ಎಎಂಡಿಯ ಎಕ್ಸ್‌ಎಂಪಿ) ಆನ್ ಮಾಡಿದಾಗ ತಾನಾಗಿ ಏರುತ್ತಿದ್ದ ಎಸ್‌ಒಸಿ ವೋಲ್ಟೇಜನ್ನು, ಅಂದರೆ ಮೆಮೊರಿ ಕಂಟ್ರೋಲರ್ ಇರುವ ಭಾಗದ ವೋಲ್ಟೇಜನ್ನು, ಎಎಂಡಿ 1.3 ವೋಲ್ಟ್‌ಗೆ ಮಿತಿಗೊಳಿಸಿತು. ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ಅತಿಯಾದ ವೋಲ್ಟೇಜ್‌ನಿಂದ ಬರಬರುತ್ತಾ ಅಸ್ಥಿರವಾಗುತ್ತಿದ್ದುದಕ್ಕೆ 2024ರ ಆಗಸ್ಟ್ ಮತ್ತು ಸೆಪ್ಟೆಂಬರ್‌ನಲ್ಲಿ ಮೈಕ್ರೊಕೋಡ್ (ಪ್ರೊಸೆಸರ್ ಒಳಗಿನ ಆದೇಶಗಳ) ತಿದ್ದುಪಡಿ ಬಂತು. ಎರಡೂ ತಿದ್ದುಪಡಿ ತಲುಪುವುದು ಬಯೋಸ್ ಮೂಲಕವೇ. ಹಳೆಯ ಬಯೋಸ್‌ನಲ್ಲಿ ಪಾಸಾದ ಪರೀಕ್ಷೆಗೆ ಆ ಸಿಸ್ಟಂಗಳಲ್ಲಿ ಬೆಲೆ ಇಲ್ಲ.

ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ರ‍್ಯಾಮ್, ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಮೂರನ್ನೂ ಒಂದೇ ಸಂಜೆ ಏರಿಸಿದರೆ ನೀಲಿ ಪರದೆ ಬಂದಾಗ ಯಾವುದನ್ನು ದೂರುವುದು? ಶುರು ರ‍್ಯಾಮ್‌ನಿಂದ. ಪ್ರೊಸೆಸರ್ ಡಿಫಾಲ್ಟ್‌ನಲ್ಲಿರಲಿ, ಎಕ್ಸ್‌ಎಂಪಿ ಮಾತ್ರ ಆನ್ ಆಗಲಿ. ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86 ಅನ್ನು ಪೆನ್‌ಡ್ರೈವ್‌ಗೆ ಹಾಕಿ ಅದರಿಂದಲೇ ಬೂಟ್ ಮಾಡಬೇಕು. ಉಚಿತ ಆವೃತ್ತಿ ನಾಲ್ಕು ಪಾಸ್, ಅಂದರೆ ನಾಲ್ಕು ಸುತ್ತಿನವರೆಗೆ ಓಡುತ್ತದೆ. ರಾತ್ರಿ ಅಂಗಡಿ ಮುಚ್ಚುವಾಗ ಹಾಕಿದರೆ ಬೆಳಿಗ್ಗೆಗೆ ಮುಗಿದಿರುತ್ತದೆ. ಬೆಳಿಗ್ಗೆ ನೋಡಬೇಕಾದ ಅಂಕಿ ಒಂದೇ, ಎರರ್ ಎಂಬುದರ ಮುಂದಿನದು. ಅದು ಸೊನ್ನೆಯೇ ಇರಬೇಕು. ‘ಒಂದೇ ಒಂದು ಎರರ್ ತಾನೆ’ ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ಎಂಟು ಗಂಟೆಯಲ್ಲಿ ಒಂದು ಸಲ ತಪ್ಪುವ ರ‍್ಯಾಮ್, ದಿನವಿಡೀ ಎಡಿಟಿಂಗ್ ನಡೆಯುವ ಕಡೆ ದಿನಕ್ಕೊಂದು ತಪ್ಪು ಮಾಡುತ್ತದೆ.

ಆದರೆ ಮೆಮ್‌ಟೆಸ್ಟ್86 ಕೆಟ್ಟ ಕಡ್ಡಿಯನ್ನು ಹಿಡಿಯುವಷ್ಟು ಚುರುಕಾಗಿ, ಅಂಚಿನಲ್ಲಿ ಓಡುತ್ತಿರುವ ಕಡ್ಡಿಯನ್ನು ಹಿಡಿಯುವುದಿಲ್ಲ. ಆಗ ಪ್ರೊಸೆಸರ್ ಹೆಚ್ಚು ಬಿಸಿಯಾಗಿರುವುದಿಲ್ಲ, ಗ್ರಾಫಿಕ್ಸ್ ಕಾರ್ಡ್ ತಣ್ಣಗಿರುತ್ತದೆ, ಕ್ಯಾಬಿನೆಟ್ ಒಳಗಿನ ಗಾಳಿಯೂ ತಂಪು. ಅದಕ್ಕೇ ಎರಡನೇ ಸುತ್ತನ್ನು ವಿಂಡೋಸ್ ಒಳಗೆ ಟೆಸ್ಟ್‌ಮೆಮ್5 ಅಥವಾ ಒಸಿಸಿಟಿಯ ಮೆಮೊರಿ ಪರೀಕ್ಷೆಯಿಂದ ಎರಡು ಮೂರು ಗಂಟೆ ಮಾಡಬೇಕು. ಎರರ್ ಬಂದರೆ ಮೊದಲು ವೇಗವನ್ನು ಒಂದು ಮೆಟ್ಟಿಲು ಇಳಿಸಿ, 3600ರಿಂದ 3400ಕ್ಕೋ 3200ಕ್ಕೋ ತನ್ನಿ. ಸ್ಟುಡಿಯೊ ಸಿಸ್ಟಂನಲ್ಲಿ ಆ 400ರ ವ್ಯತ್ಯಾಸ ರೆಂಡರ್ ಸಮಯದಲ್ಲಿ ಕಣ್ಣಿಗೆ ಬೀಳುವುದೇ ಅಪರೂಪ.

ರ‍್ಯಾಮ್ ವಿಷಯದಲ್ಲಿ ಬಹಳ ಜನ ಬಿಟ್ಟುಬಿಡುವ ಇನ್ನೊಂದು ಪರೀಕ್ಷೆ ತಣ್ಣನೆಯ ಸ್ಟಾರ್ಟ್. ಸಿಸ್ಟಂ ಆನ್ ಆಗುವಾಗ ಸಾಮಾನ್ಯವಾಗಿ ಬಯೋಸ್ ರ‍್ಯಾಮ್ ಜತೆ ಹೊಂದಾಣಿಕೆ ಮಾಡಿಕೊಳ್ಳುತ್ತದೆ, ಅದಕ್ಕೆ ಮೆಮೊರಿ ಟ್ರೈನಿಂಗ್ ಎನ್ನುತ್ತಾರೆ. ಬಿಸಿಯಲ್ಲಿ ಚೆನ್ನಾಗಿ ಕೂತದ್ದು ಚಳಿಯಲ್ಲಿ ಕೂರದೇ ಇರಬಹುದು. ಆಫ್ ಮಾಡಿ, ಪ್ಲಗ್ ಕಿತ್ತು, ಅರ್ಧ ಗಂಟೆ ಬಿಟ್ಟು ಆನ್ ಮಾಡಿ. ಹೀಗೆ ಐದು ಸಲ. ಪ್ರತಿ ಸಲವೂ ಒಂದೇ ಏಟಿಗೆ ಪರದೆ ಬರಬೇಕು. ಆನ್ ಆಗಿ, ತಾನೇ ಆಫ್ ಆಗಿ, ಮತ್ತೆ ಆನ್ ಆಗುತ್ತಿದ್ದರೆ ಅದು ಪಾಸ್ ಅಲ್ಲ.

ರ‍್ಯಾಮ್ ಗಟ್ಟಿಯಾದ ಮೇಲೆ ಅದನ್ನು ಡಿಫಾಲ್ಟ್‌ಗೆ ಇಳಿಸಿಟ್ಟು ಪ್ರೊಸೆಸರ್ ಕೈಗೆತ್ತಿಕೊಳ್ಳಬೇಕು. ವೇಗ ನಿಗದಿಮಾಡುವ ಗುಣಕವನ್ನು (ಮಲ್ಟಿಪ್ಲೈಯರ್) ಒಂದೊಂದೇ ಏರಿಸಿ, ಸಲಕ್ಕೆ 100 ಮೆಗಾಹರ್ಟ್ಸ್‌ನಂತೆ. ಪ್ರತಿ ಮೆಟ್ಟಿಲಿಗೂ ಹದಿನೈದು ನಿಮಿಷದ ಚಿಕ್ಕ ಪರೀಕ್ಷೆ, ಕೆಟ್ಟರೆ 0.01 ಅಥವಾ 0.02 ವೋಲ್ಟ್ ಹೆಚ್ಚಿಗೆ. ವೋಲ್ಟೇಜ್ ಏರಿಸುವಾಗ ಒಂದು ಲೆಕ್ಕ ನೆನಪಿರಲಿ: ಪ್ರೊಸೆಸರ್ ಎಳೆಯುವ ವಿದ್ಯುತ್ ವೇಗದ ಜತೆ ನೇರವಾಗಿ, ವೋಲ್ಟೇಜ್‌ನ ವರ್ಗದ ಜತೆ ಬೆಳೆಯುತ್ತದೆ. 4.5 ಗಿಗಾಹರ್ಟ್ಸ್‌ನಿಂದ 5ಕ್ಕೆ ಹೋದಾಗ ವೇಗ ಹೆಚ್ಚುವುದು ಶೇ 11. ಅದಕ್ಕಾಗಿ 1.20 ವೋಲ್ಟನ್ನು 1.30 ಮಾಡಿದರೆ ವಿದ್ಯುತ್ತೂ ಶಾಖವೂ ಶೇ 30 ಹೆಚ್ಚುತ್ತವೆ. ಕೂಲರ್ ಮಾತ್ರ ಅದೇ ಹಳೆಯದು.

ಚಿಕ್ಕ ಪರೀಕ್ಷೆಗಳು ಮುಗಿದು ಒಂದು ವೇಗ ನಿಂತ ಮೇಲೆ ದೊಡ್ಡದು. ಇದಕ್ಕೆ ಪ್ರೈಮ್95ರಷ್ಟು ನಿಷ್ಠುರವಾದ ಪರೀಕ್ಷಕ ಸಿಗುವುದು ಕಷ್ಟ. ಅವಿಭಾಜ್ಯ ಸಂಖ್ಯೆ ಹುಡುಕುವುದಕ್ಕೆ 1996ರಲ್ಲಿ ಶುರುವಾದ ಯೋಜನೆಯ ತಂತ್ರಾಂಶ ಅದು. ಭಾರಿ ಸಂಖ್ಯೆಗಳನ್ನು ಒಂದೇ ಸಮನೆ ವರ್ಗ ಮಾಡುತ್ತಾ ಹೋಗುತ್ತದೆ. ಲೆಕ್ಕ ದಶಾಂಶದಲ್ಲಿ ನಡೆದರೂ ಉತ್ತರ ಪೂರ್ಣಾಂಕಕ್ಕೆ ತೀರ ಹತ್ತಿರ ಬಂದು ನಿಲ್ಲಲೇಬೇಕು. 0.4ಕ್ಕಿಂತ ದೂರ ಸರಿದರೆ ‘ರೌಂಡಿಂಗ್ ವಾಸ್ 0.5, ಎಕ್ಸ್‌ಪೆಕ್ಟೆಡ್ ಲೆಸ್ ದ್ಯಾನ್ 0.4’ ಎಂದು ಬರೆದು ಪ್ರೊಸೆಸರ್‌ನ ಆ ಕೋರ್‌ನ (ಲೆಕ್ಕ ಮಾಡುವ ಘಟಕದ) ಕೆಲಸ ನಿಲ್ಲಿಸಿಬಿಡುತ್ತದೆ. ಸಿಸ್ಟಂ ಹ್ಯಾಂಗ್ ಆಗದಿದ್ದರೂ ತಪ್ಪು ಸಿಕ್ಕಿಬೀಳುವುದು ಹೀಗೆ.

ತೆರೆದ ಕೂಡಲೇ ಯೋಜನೆಗೆ ಸೇರುತ್ತೀರಾ ಎಂದು ಕೇಳುತ್ತದೆ, ‘ಜಸ್ಟ್ ಸ್ಟ್ರೆಸ್ ಟೆಸ್ಟಿಂಗ್’ ಒತ್ತಿ. ‘ಸ್ಮಾಲ್ ಎಫ್‌ಎಫ್‌ಟಿ’ ಪ್ರೊಸೆಸರ್‌ನ ಕ್ಯಾಶ್ ಒಳಗೇ ಸುತ್ತುತ್ತಾ ಅತಿ ಹೆಚ್ಚು ಬಿಸಿ ಮಾಡುತ್ತದೆ, ಕೂಲರ್‌ನ ಯೋಗ್ಯತೆ ಅಳೆಯಲು ಅದು ಒಂದು ಗಂಟೆ ಸಾಕು. ‘ಲಾರ್ಜ್’ ಮತ್ತು ‘ಬ್ಲೆಂಡ್’ ರ‍್ಯಾಮನ್ನೂ ಮೆಮೊರಿ ಕಂಟ್ರೋಲರನ್ನೂ ಎಳೆದುಕೊಳ್ಳುತ್ತವೆ. ರ‍್ಯಾಮನ್ನು ಮತ್ತೆ ಎಕ್ಸ್‌ಎಂಪಿಗೆ ಏರಿಸಿ, ಬ್ಲೆಂಡ್ ಅನ್ನು ರಾತ್ರಿಯಿಡೀ ಎಂಟು ಗಂಟೆ ಬಿಡಬೇಕು. ಬೆಳಿಗ್ಗೆ ಎದ್ದು ಕಿಟಕಿ ಇನ್ನೂ ತೆರೆದಿದೆ ಎಂದ ಮಾತ್ರಕ್ಕೆ ಪಾಸ್ ಎಂದು ಬರೆಯಬೇಡಿ. ಕೋರ್‌ಗೊಂದರಂತೆ ಓಡುವ ಎಂಟು ವರ್ಕರ್‌ಗಳಲ್ಲಿ ಒಂದು ರಾತ್ರಿ ಎರಡು ಗಂಟೆಗೇ ನಿಂತಿರಬಹುದು, ಉಳಿದ ಏಳು ದುಡಿಯುತ್ತಲೇ ಇರುತ್ತವೆ. ಒಂದೊಂದು ವರ್ಕರ್‌ನ ಕಿಟಕಿಯನ್ನೂ ಮೇಲಿನಿಂದ ಕೆಳಗೆ ಓದಿ, ರಿಸಲ್ಟ್ಸ್ ಕಡತವನ್ನೂ ತೆರೆದು ನೋಡಿ. ಇನ್ನೊಂದು ವಿಷಯ. ಬಿಸಿ ತಾಳದೆ ಎವಿಎಕ್ಸ್ (ಒಟ್ಟೊಟ್ಟಿಗೆ ಹಲವು ಲೆಕ್ಕ ಮಾಡುವ ಆಜ್ಞೆಗಳು) ಆಫ್ ಮಾಡಿ ಪಾಸ್ ಮಾಡಿಸುವ ರೂಢಿ ಇದೆ. ವಿಡಿಯೊ ಎನ್‌ಕೋಡ್ ಮಾಡುವ ತಂತ್ರಾಂಶಗಳು ದುಡಿಯುವುದೇ ಎವಿಎಕ್ಸ್ ಆಜ್ಞೆಗಳ ಮೇಲೆ. ಎಡಿಟಿಂಗ್ ಸಿಸ್ಟಂನಲ್ಲಿ ಹಾಗೆ ಮಾಡುವುದು ಗಿರಾಕಿಗೆ ಮಾಡುವ ಮೋಸ.

ಪಕ್ಕದಲ್ಲಿ ಶಾಖ, ವೇಗ ತೋರಿಸುವ ಎಚ್‌ಡಬ್ಲ್ಯೂಇನ್ಫೋ ತೆರೆದಿರಲಿ. ಅದರಲ್ಲಿ ಮೂರು ಸಾಲು ಮುಖ್ಯ. ಮೊದಲನೆಯದು ಗರಿಷ್ಠ ಶಾಖ. ಇಂಟೆಲ್‌ನ ಬಹುತೇಕ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು 100 ಡಿಗ್ರಿಗೆ, ರೈಜನ್ 7000 ಸರಣಿಯ ಬಹುತೇಕವು 95ಕ್ಕೆ ತಾವಾಗಿ ವೇಗ ಇಳಿಸಿಕೊಳ್ಳುತ್ತವೆ. ಇಳಿಸಿಕೊಂಡ ಮೇಲೆ ಓಡುತ್ತಿರುವುದು ನೀವು ಕೊಟ್ಟ ವೇಗವೇ ಅಲ್ಲ, ಪಾಸಾದದ್ದು ಅದಕ್ಕಿಂತ ಕಡಿಮೆ ವೇಗ. ಎರಡನೆಯದು ‘ಎಫೆಕ್ಟಿವ್ ಕ್ಲಾಕ್’, ನಿಜಕ್ಕೂ ಓಡುತ್ತಿರುವ ವೇಗ. ರೈಜನ್‌ಗೆ ವೋಲ್ಟೇಜ್ ಸಾಲದಿದ್ದರೆ ತೋರಿಸುವ ವೇಗ 4.7 ಇದ್ದರೂ ಇಲ್ಲಿ 4.4 ಎಂದಿರುತ್ತದೆ. ಮೂರನೆಯದು ಕೆಳತುದಿಯ ಹಾರ್ಡ್‌ವೇರ್ ಎರರ್ ಎಣಿಕೆ. ಪ್ರೊಸೆಸರ್ ತಾನೇ ತಿದ್ದಿಕೊಂಡ ತಪ್ಪುಗಳೂ ಅಲ್ಲಿ ಸೇರುತ್ತವೆ, ವಿಂಡೋಸ್‌ನ ಇವೆಂಟ್ ವ್ಯೂವರ್‌ನಲ್ಲಿ ‘ಡಬ್ಲ್ಯೂಎಚ್‌ಇಎ-ಲಾಗರ್’ ಹೆಸರಿನಲ್ಲಿ 19ನೇ ನಂಬರಿನಡಿ ಸಿಗುತ್ತವೆ. ತಿದ್ದಿಕೊಂಡಿತಲ್ಲ ಎಂದು ಬಿಡಬಾರದು. ಇವತ್ತು ತಿದ್ದಿಕೊಂಡದ್ದು ನಾಳೆ ನೀಲಿ ಪರದೆ.

ಪೂರ್ತಿ ಭಾರದಲ್ಲಿ ರಾತ್ರಿಯಿಡೀ ನಿಂತ ಸಿಸ್ಟಂ ಬೆಳಿಗ್ಗೆ ಸುಮ್ಮನೆ ಕೂತಾಗ ರೀಸ್ಟಾರ್ಟ್ ಆಗುವುದುಂಟು. ಇದಕ್ಕೆ ಕಾರಣವಿದೆ. ಎಲ್ಲ ಕೋರ್ ದುಡಿಯುವಾಗ ಪ್ರತಿಯೊಂದರ ವೇಗ ಕಡಿಮೆ ಇರುತ್ತದೆ. ಬ್ರೌಸರ್ ತೆರೆದಾಗ ಒಂದೇ ಕೋರ್ ಅತಿ ಎತ್ತರದ ವೇಗಕ್ಕೆ ಜಿಗಿಯುತ್ತದೆ. ವೋಲ್ಟೇಜ್ ತಗ್ಗಿಸುವ ಕರ್ವ್ ಆಪ್ಟಿಮೈಸರ್ ಸೆಟ್ಟಿಂಗ್‌ನಲ್ಲಿ ಎಲ್ಲ ಕೋರ್‌ಗೂ ಒಂದೇ ಸಮ ಮೈನಸ್ 30 ಹಾಕಿಟ್ಟ ರೈಜನ್‌ಗಳು ಬೀಳುವುದು ಆಗಲೇ. ಒಂದೊಂದೇ ಕೋರನ್ನು ಸರದಿಯಲ್ಲಿ ದುಡಿಸುವ ಕೋರ್‌ಸೈಕ್ಲರ್ ಎಂಬ ಉಚಿತ ಸಾಧನ ಇದಕ್ಕೆಂದೇ ಇದೆ. ಯಾವ ಕೋರ್ ತಪ್ಪಿತು ಎಂದು ನಂಬರ್ ಸಮೇತ ಹೇಳುತ್ತದೆ, ಆ ಕೋರ್‌ಗೆ ಮಾತ್ರ ಮೈನಸ್ 30 ಬಿಟ್ಟು 20 ಕೊಟ್ಟರಾಯಿತು. ಸ್ಲೀಪ್‌ಗೆ ಕಳಿಸಿ ಎಬ್ಬಿಸುವುದನ್ನೂ ನಾಲ್ಕೈದು ಸಲ ಮಾಡಿ.

ಗ್ರಾಫಿಕ್ಸ್ ಕಾರ್ಡ್‌ನದು ಹೆಚ್ಚು ಹೇಳುವಂಥದ್ದಿಲ್ಲ. 3ಡಿಮಾರ್ಕ್‌ನ ಸ್ಟ್ರೆಸ್ ಟೆಸ್ಟ್ 20 ಸುತ್ತು ಓಡಿ ಶೇ 97 ಸ್ಥಿರತೆ ಕೇಳುತ್ತದೆ, ಒಸಿಸಿಟಿಯ ವಿರ‍್ಯಾಮ್ (ಕಾರ್ಡ್‌ನ ಮೆಮೊರಿ) ಪರೀಕ್ಷೆ ಎರರ್ ಎಣಿಸುತ್ತದೆ, ಎರಡೂ ಬೇಕು. ಕಾರ್ಡ್‌ನ ಮೆಮೊರಿ ವೇಗ ಏರಿಸುವಾಗ ಮಾತ್ರ ಒಂದು ಎಚ್ಚರಿಕೆ: ತಪ್ಪಿದ ಡೇಟಾವನ್ನು ಅದು ಮತ್ತೆ ತರಿಸಿಕೊಳ್ಳುವುದರಿಂದ ಪರದೆಯಲ್ಲಿ ಏನೂ ಕಾಣದೆ ಫ್ರೇಮು ಇಳಿಯುತ್ತಾ ಹೋಗುತ್ತದೆ. ವೇಗ ಏರಿದಂತೆ ಅಂಕ ಇಳಿದರೆ ಅಲ್ಲಿಗೇ ನಿಲ್ಲಿಸಿ.

ಈಗ ನಮ್ಮ ಊರಿನ ಬಿಸಿಲಿನ ಮಾತು. ಕೋಣೆಯ ಶಾಖ ಒಂದು ಡಿಗ್ರಿ ಏರಿದರೆ ಪ್ರೊಸೆಸರ್ ಶಾಖವೂ ಹೆಚ್ಚುಕಡಿಮೆ ಒಂದು ಡಿಗ್ರಿ ಏರುತ್ತದೆ. ಜನವರಿ ರಾತ್ರಿ 22 ಡಿಗ್ರಿ ಇದ್ದಾಗ 84ರಲ್ಲಿ ಪಾಸಾದ ಸಿಸ್ಟಂ, ಏಪ್ರಿಲ್ ಮಧ್ಯಾಹ್ನ ಶೀಟಿನ ಮಾಡಿನ ಕೆಳಗೆ 36 ಡಿಗ್ರಿಯಲ್ಲಿ 98 ಮುಟ್ಟುತ್ತದೆ. ನಮ್ಮ ಕಡೆ ಮದುವೆಗಳು ಸಾಲುಗಟ್ಟುವುದೂ, ಸ್ಟುಡಿಯೊಗಳಲ್ಲಿ ಹಗಲೂ ರಾತ್ರಿ ರೆಂಡರ್ ನಡೆಯುವುದೂ ಆ ದಿನಗಳಲ್ಲೇ. ಪಾವಗಡ, ಶಿರಾ ಕಡೆಯ ಗಿರಾಕಿಗಳಿಗೆ ಕೊಡುವಾಗ ಇನ್ನೂ ನಾಲ್ಕು ಡಿಗ್ರಿ ಕೈಯಲ್ಲಿ ಉಳಿಸಿಕೊಳ್ಳಬೇಕು. ತಿಪಟೂರು ಕಡೆ ತೆಂಗಿನ ನಾರಿನ ಪುಡಿ ಹೀಟ್‌ಸಿಂಕ್‌ನ ಸಂದಿಗಳಲ್ಲಿ ಮೆತ್ತಿಕೊಂಡರೆ ಲೆಕ್ಕವೇ ಬೇರೆ. ಅಂಗಡಿಯಲ್ಲಿ ಎ.ಸಿ. ಹಾಕಿಕೊಂಡು, ಕ್ಯಾಬಿನೆಟ್‌ನ ಪಕ್ಕದ ಬಾಗಿಲು ತೆಗೆದಿಟ್ಟು ಮಾಡಿದ ಪರೀಕ್ಷೆ ಗಿರಾಕಿಯ ಮನೆಯಲ್ಲಿ ನಿಲ್ಲುವುದಿಲ್ಲ. ಬಾಗಿಲು ಮುಚ್ಚಿ, ಎ.ಸಿ. ಆಫ್ ಮಾಡಿ, ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಎರಡನ್ನೂ ಒಟ್ಟಿಗೆ ದುಡಿಸಿ. ಬೇರೆ ಬೇರೆಯಾಗಿ ಪಾಸಾದವು ಒಟ್ಟಿಗೆ ಸೋಲುವುದು ಉಂಟು. ಕಾರ್ಡ್ ಉಗುಳಿದ ಬಿಸಿ ಗಾಳಿಯನ್ನೇ ಪ್ರೊಸೆಸರ್‌ನ ಫ್ಯಾನ್ ಎಳೆದುಕೊಳ್ಳುತ್ತದೆ, ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್ ಮೇಲೆ ಪೂರ್ತಿ ಹೊರೆ ಬೀಳುವುದೂ ಆಗಲೇ.

ಎಸ್‌ಎಂಪಿಎಸ್‌ನ ವಿಷಯದಲ್ಲಿ ತಂತ್ರಾಂಶ ತೋರಿಸುವ ವೋಲ್ಟೇಜ್ ನಂಬಬೇಡಿ. ಮಲ್ಟಿಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟು, ಖಾಲಿ ಇರುವ ಮೋಲೆಕ್ಸ್ ಕನೆಕ್ಟರ್‌ನ ಹಳದಿ ತಂತಿಗೆ ಕೆಂಪು ಪ್ರೋಬ್, ಕಪ್ಪು ತಂತಿಗೆ ಕಪ್ಪು ಪ್ರೋಬ್ ಹಿಡಿಯಿರಿ. ಪೂರ್ತಿ ಭಾರದಲ್ಲಿ 11.4 ವೋಲ್ಟ್‌ಗಿಂತ ಕೆಳಗಿಳಿದರೆ ಎಸ್‌ಎಂಪಿಎಸ್ ಬದಲಿಸಬೇಕು, ವೋಲ್ಟೇಜ್ ಸೆಟ್ಟಿಂಗ್‌ನಲ್ಲಿ ಹುಡುಕಿ ಪ್ರಯೋಜನವಿಲ್ಲ. ನೀಲಿ ಪರದೆ ಬಾರದೆ, ಯಾರೋ ವೈರ್ ಕಿತ್ತಂತೆ ಪಕ್ಕನೆ ಆಫ್ ಆದರೂ ಅನುಮಾನ ಮೊದಲು ಇಲ್ಲಿಗೇ ಹೋಗಲಿ. ಬಣ್ಣದ ಲೈಟಿನ ಫ್ಯಾನ್ ಆರು ಹಾಕಿಸಿ ಎಸ್‌ಎಂಪಿಎಸ್‌ಗೆ ಕೈ ಬಿಗಿಹಿಡಿಯುವುದು ಜುಟ್ಟಿಗೆ ಮಲ್ಲಿಗೆ ಮುಡಿಸಿದ ಹಾಗೆ.

ಯುಪಿಎಸ್ ಜತೆಗೂ ಪರೀಕ್ಷೆ ಆಗಬೇಕು. 600 ವಿಎ ಯುಪಿಎಸ್‌ನ ಮೇಲೆ ಸಾಮಾನ್ಯವಾಗಿ 360 ವ್ಯಾಟ್ ಎಂದು ಬರೆದಿರುತ್ತದೆ. ವೇಗ ಏರಿಸಿದ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್, ಮಾನಿಟರ್ ಸೇರಿ ರೆಂಡರ್ ಸಮಯದಲ್ಲಿ ಇದನ್ನು ದಾಟುವುದು ಸುಲಭ. ಕರೆಂಟ್ ಹೋದ ಕ್ಷಣದಲ್ಲೇ ಯುಪಿಎಸ್ ಕೀರಲು ಸದ್ದು ಮಾಡಿ ಕೈ ಬಿಡುತ್ತದೆ. ಪರೀಕ್ಷೆಯ ಎಸ್‌ಎಸ್‌ಡಿ ಹಾಕಿರುವಾಗಲೇ, ಪೂರ್ತಿ ಭಾರದಲ್ಲಿ, ಗೋಡೆಯ ಸ್ವಿಚ್ ಆಫ್ ಮಾಡಿ ನೋಡಿ. ಕ್ಯಾಬಿನೆಟ್ ಮುಟ್ಟಿದರೆ ಜುಮ್ಮೆನ್ನುವ ಮನೆಗಳಲ್ಲಿ ಅರ್ಥಿಂಗ್ ಸರಿಮಾಡಿಸದೆ ವೇಗ ಏರಿಸುವ ಮಾತೇ ಬೇಡ. ಬೋರ್‌ವೆಲ್ ಮೋಟರ್ ಸ್ಟಾರ್ಟ್ ಆದಾಗ ಲೈಟ್ ಮಂಕಾಗುವ ಲೈನ್‌ನಲ್ಲಿ ಸಿಸ್ಟಂ ರೀಸ್ಟಾರ್ಟ್ ಆದರೆ ಓವರ್‌ಕ್ಲಾಕನ್ನು ದೂರುವ ಮೊದಲು ಮೋಟರ್ ಆಫ್ ಇದ್ದಾಗ ಒಮ್ಮೆ ಪರೀಕ್ಷಿಸಿ.

ಕೊನೆಗೆ ನಿಜವಾದ ಕೆಲಸದ ಪರೀಕ್ಷೆ. 20 ಜಿಬಿಯಷ್ಟು ಹಳೆಯ ವಿಡಿಯೊ ಇರುವ ಫೋಲ್ಡರನ್ನು 7-ಜಿಪ್‌ನಲ್ಲಿ ಒತ್ತಿ ಒಂದು ಕಡತ ಮಾಡಿ, ‘ಟೆಸ್ಟ್ ಆರ್ಕೈವ್’ ಅನ್ನು ಐದು ಸಲ ಓಡಿಸಿ. ಐದರಲ್ಲಿ ಒಂದು ಸಲ ಸಿಆರ್‌ಸಿ ಎರರ್ (ತಾಳೆಯ ತಪ್ಪು) ಬಂದರೂ ಫೇಲ್. ಕಾಪಿ ಮಾಡಿದ ಕಡತದ ಹ್ಯಾಶ್ (ಬೆರಳಚ್ಚಿನಂಥ ಅಂಕಿ) ತಾಳೆ ನೋಡುವವರು ಮಧ್ಯೆ ಒಂದು ಸಲ ರೀಸ್ಟಾರ್ಟ್ ಮಾಡಬೇಕು, ಇಲ್ಲದಿದ್ದರೆ ವಿಂಡೋಸ್ ಡಿಸ್ಕ್‌ನಿಂದ ಓದದೆ ರ‍್ಯಾಮ್‌ನಲ್ಲಿ ಉಳಿದ ಪ್ರತಿಯನ್ನೇ ಕೊಟ್ಟುಬಿಡುತ್ತದೆ. ಸ್ಟುಡಿಯೊದವರು ಈ ತಾಳೆ ಆಗುವವರೆಗೂ ಕ್ಯಾಮೆರಾ ಕಾರ್ಡ್ ಫಾರ್ಮ್ಯಾಟ್ ಮಾಡಬಾರದು.

ಎಲ್ಲವೂ ಪಾಸಾದ ವೇಗವನ್ನೇ ಗಿರಾಕಿಗೆ ಕೊಡಬೇಡಿ, ಅದರಿಂದ 100 ಮೆಗಾಹರ್ಟ್ಸ್ ಇಳಿಸಿ ಕೊಡಿ. ಚಿಪ್ಪು ಸವೆಯುತ್ತದೆ, ಥರ್ಮಲ್ ಪೇಸ್ಟ್ ಒಣಗುತ್ತದೆ, ಧೂಳು ಕೂರುತ್ತದೆ. ಆ 100 ಇರುವುದು ಅದಕ್ಕಾಗಿ.

ಇಷ್ಟಕ್ಕೆಲ್ಲ ಪುರುಸೊತ್ತು ಎಲ್ಲಿದೆ ಎನ್ನುವವರಿಗೆ: ಹೆಚ್ಚಿನ ಹೊತ್ತು ಸಿಸ್ಟಂ ತಾನೇ ಓಡುತ್ತಿರುತ್ತದೆ, ಮನುಷ್ಯರು ಕೂತಿರಬೇಕಾದದ್ದು ಎರಡು ಮೂರು ಗಂಟೆ. 400 ವ್ಯಾಟ್‌ನಂತೆ ಹತ್ತು ಗಂಟೆಗೆ ನಾಲ್ಕು ಯೂನಿಟ್ ಕರೆಂಟು. ಅಷ್ಟು ಖರ್ಚು ಗಿರಾಕಿಯಿಂದ ಕೇಳಿ ಪಡೆಯುವುದರಲ್ಲಿ ತಪ್ಪಿಲ್ಲ. ಪರೀಕ್ಷೆ ಬೇಡ ಎನ್ನುವ ಗಿರಾಕಿಗೆ ಡಿಫಾಲ್ಟ್ ವೇಗದಲ್ಲೇ ಕೊಡಿ.

ಚೀಟಿಯಲ್ಲಿ ಇರಬೇಕಾದದ್ದು: ಬಯೋಸ್ ಆವೃತ್ತಿ, ಪ್ರೊಸೆಸರ್ ವೇಗ ಮತ್ತು ವೋಲ್ಟೇಜ್, ರ‍್ಯಾಮ್ ವೇಗ, ಓಡಿಸಿದ ಪರೀಕ್ಷೆಗಳು, ಎಷ್ಟು ಗಂಟೆ, ಕೋಣೆಯ ಶಾಖ, ಪ್ರೊಸೆಸರ್‌ನ ಗರಿಷ್ಠ ಶಾಖ, ತಾರೀಖು. ಅದನ್ನು ಕ್ಯಾಬಿನೆಟ್‌ನ ಬಾಗಿಲಿನ ಒಳಮೈಗೆ ಅಂಟಿಸಿದರೆ ಮುಂದೆ ಯಾರು ತೆರೆದರೂ ಕಾಣುತ್ತದೆ. ಬಯೋಸ್ ಅಪ್‌ಡೇಟ್ ಆದಾಗ, ಮದರ್‌ಬೋರ್ಡ್‌ನ ಸಿಆರ್2032 ಸೆಲ್ ಸತ್ತು ಸೆಟ್ಟಿಂಗ್ ಅಳಿಸಿಹೋದಾಗ, ರ‍್ಯಾಮ್ ಕಡ್ಡಿ ಹೊಸದಾಗಿ ಸೇರಿಸಿದಾಗ ಆ ಚೀಟಿ ರದ್ದು. ಅದರ ಮೇಲೆ ಗೀಟು ಹಾಕಿ, ಮೆಮ್‌ಟೆಸ್ಟ್86ರ ಪೆನ್‌ಡ್ರೈವ್ ಚುಚ್ಚಿ, ಮೊದಲಿನಿಂದ ಶುರು ಮಾಡಬೇಕು.

ಇಂತಿ,
ಕಂಪ್ಯೂಟರ್ ಜೋಡಣೆ ಮತ್ತು ದುರಸ್ತಿ ಕೆಲಸದಲ್ಲಿರುವವರು,
ಬಿ.ಎಚ್. ರಸ್ತೆ, ತುಮಕೂರು